ಎದೆಯ ತಾಳ ತಪ್ಪಿದರೆ: ಇಸಿಜಿ, ಹೋಲ್ಟರ್, ವಾಚು – ಯಾರಿಗೆ ಯಾವುದು?

"ನಿನ್ನೆ ರಾತ್ರಿ ಎದೆ ಕುದುರೆ ಓಡಿದ ಹಾಗೆ ಓಡಿತು ಮಾರಾಯ್ರೆ, ಈಗ ನೋಡಿದರೆ ಎಂತದೂ ಇಲ್ಲ."

ಮುಂಬೈಯ ಮಾಟುಂಗದ ಹೋಟೆಲೊಂದರ ಅಡಿಗೆ ಭಟ್ಟರು ಅಂಗಿ ಬಿಚ್ಚಿ ಮಂಚದ ಮೇಲೆ ಮಲಗಿ ಹೇಳಿದ ಮಾತಿದು. ಇಸಿಜಿ ತೆಗೆದೆ. ಕಾಗದ ಎಷ್ಟು ಚೆಂದ ಬಂತೆಂದರೆ ಪಾಠದ ಪುಸ್ತಕಕ್ಕೆ ಅಂಟಿಸಬಹುದಿತ್ತು. "ನಾರ್ಮಲ್ ಉಂಟು ಭಟ್ರೆ" ಅಂದೆ. ಅವರ ಮುಖ ಬಾಡಿತು. ನಾರ್ಮಲ್ ಅಂದಾಗ ಬೇಜಾರಾಗುವವರನ್ನು ಇಪ್ಪತ್ತೆರಡು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಡೊಂಬಿವಲಿಯಿಂದ ಲೋಕಲ್ ಹಿಡಿದು ದಾದರಿಗೆ ಬಂದು ದಿನಕ್ಕೆ ಮೂವತ್ತು ನಲವತ್ತು ಎದೆಗಳಿಗೆ ತಂತಿ ಹಚ್ಚುವುದು ನನ್ನ ಕೆಲಸ. ನಾನು ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಗುಳಿಗೆಯ ವಿಷಯ ನನ್ನನ್ನು ಕೇಳಬೇಡಿ. ಆದರೆ ಯಾವ ಯಂತ್ರ ಏನನ್ನು ಹಿಡಿಯುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಅನ್ನುವುದು ಈ ಕೈಗಳಿಗೆ ಗೊತ್ತು.

ಒಂದು ಸಣ್ಣ ಲೆಕ್ಕ. ಮಾಮೂಲಿ ಹನ್ನೆರಡು ಲೀಡಿನ, ಅಂದರೆ ಹನ್ನೆರಡು ಕೋನದಿಂದ ನೋಡುವ ಇಸಿಜಿ ನಿಮ್ಮ ಹೃದಯವನ್ನು ಸುಮಾರು 10 ಸೆಕೆಂಡ್ ನೋಡುತ್ತದೆ. ದಿನಕ್ಕಿರುವುದು 86,400 ಸೆಕೆಂಡ್. ಕಳ್ಳ ಬಂದು ಹೋದ ಮರುದಿನ ಬಾಗಿಲು ತೆರೆದು ಹತ್ತು ಸೆಕೆಂಡ್ ಇಣುಕಿ "ಯಾರೂ ಇಲ್ಲವಲ್ಲ" ಅಂದ ಹಾಗಾಯಿತು. ಹಾಗಾಗಿ ಯಂತ್ರ ಎಷ್ಟು ಹೊಸದು, ಎಷ್ಟು ದುಬಾರಿ ಅನ್ನುವುದನ್ನು ಬದಿಗಿಡಿ. ತೊಂದರೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಂದರೆ ಎಷ್ಟು ಹೊತ್ತು ಇರುತ್ತದೆ, ಬಂದಾಗ ನಿಮಗೆ ಎಚ್ಚರ ಇರುತ್ತದೋ ತಪ್ಪುತ್ತದೋ, ಇಷ್ಟು ಗೊತ್ತಾದರೆ ಯಾವ ಪರೀಕ್ಷೆ ಬೇಕು ಅನ್ನುವುದು ಮುಕ್ಕಾಲು ಪಾಲು ತೀರ್ಮಾನವಾದಂತೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈಗಿಂದೀಗಲೇ ಎದೆನೋವು, ತಣ್ಣನೆ ಬೆವರು, ಉಸಿರುಗಟ್ಟುವುದು ಇದ್ದರೆ, ಇಲ್ಲವೇ ಎದೆ ಓಡುತ್ತಿರುವಾಗಲೇ ಕಣ್ಣು ಕತ್ತಲೆ ಬಂದು ಬಿದ್ದಿದ್ದರೆ, ಓದುವುದನ್ನು ನಿಲ್ಲಿಸಿ 108ಕ್ಕೆ ಫೋನ್ ಮಾಡಿ. ಪರೇಲಿನ ಕೆಇಎಂ, ಸಯನ್, ಮುಂಬೈ ಸೆಂಟ್ರಲ್ಲಿನ ನಾಯರ್, ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೆ ಹೋಗಿ. ಪರಿಚಯದ ಡಾಕ್ಟರ್ ಬರಲಿ ಎಂದು ಕಾಯುತ್ತ ಕೂರಬೇಡಿ.

ಕಾಗದದ ಮೇಲೆ ತಾಳ

ಪರೀಕ್ಷೆಗಳನ್ನು ಹೋಲಿಸುವ ಮುಂಚೆ ಅವು ಹುಡುಕುವುದು ಏನನ್ನು ಅಂತ ತಿಳಿದಿರಲಿ. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಸಣ್ಣ ಚೌಕ 0.04 ಸೆಕೆಂಡ್, ದಪ್ಪ ಗೆರೆಯ ದೊಡ್ಡ ಚೌಕ 0.20 ಸೆಕೆಂಡ್. ಎರಡು ಚೂಪು ಶಿಖರಗಳ ನಡುವೆ ಎಷ್ಟು ದೊಡ್ಡ ಚೌಕ ಇದೆಯೋ ಅದರಿಂದ 300ನ್ನು ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ: ನಾಲ್ಕು ಚೌಕವಾದರೆ 75, ಎರಡಾದರೆ 150. ತಾಳ ತಪ್ಪಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಆಗ ಮೂವತ್ತು ದೊಡ್ಡ ಚೌಕ, ಅಂದರೆ 6 ಸೆಕೆಂಡಿನೊಳಗೆ ಬರುವ ಶಿಖರಗಳನ್ನು ಎಣಿಸಿ ಹತ್ತರಿಂದ ಗುಣಿಸುತ್ತೇವೆ.

ಪ್ರತಿ ಚೂಪು ಶಿಖರದ ಮುಂದೆ ಒಂದು ಸಣ್ಣ ಗುಡ್ಡ ಇರಬೇಕು. ಅದು ಪಿ ಅಲೆ, ಹೃದಯದ ಮೇಲಿನ ಕೋಣೆಗಳದ್ದು. ಶಿಖರ ಕೆಳಗಿನ ಕೋಣೆಗಳದ್ದು. ಗುಡ್ಡ ಇದೆಯೇ, ಗುಡ್ಡಕ್ಕೊಂದು ಶಿಖರ ಬರುತ್ತಿದೆಯೇ, ಶಿಖರಗಳ ನಡುವಿನ ಅಂತರ ಒಂದೇ ಸಮನೆ ಇದೆಯೇ, ಶಿಖರ ಸಪೂರವೋ ಅಗಲವೋ: ತಾಳ ಓದುವುದೆಂದರೆ ಇಷ್ಟೇ. ಅಗಲ ಅಂದರೆ ಮೂರು ಸಣ್ಣ ಚೌಕಕ್ಕಿಂತ ಹೆಚ್ಚು.

ಅತಿ ಹೆಚ್ಚು ಜನರನ್ನು ನನ್ನ ಬಾಗಿಲಿಗೆ ತರುವುದು ಎಕ್ಟೋಪಿಕ್. "ಒಂದು ಬಡಿತ ತಪ್ಪಿದ ಹಾಗಾಗುತ್ತದೆ" ಅನ್ನುತ್ತಾರೆ. ನಿಜದಲ್ಲಿ ತಪ್ಪುವುದಲ್ಲ, ಒಂದು ಬಡಿತ ಅವಸರಪಟ್ಟು ಮೊದಲೇ ಬಂದುಬಿಡುತ್ತದೆ. ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ರಕ್ತ ಜಾಸ್ತಿ ತುಂಬಿಕೊಂಡು ಮುಂದಿನ ಬಡಿತ ಢಬ್ ಎಂದು ಬಡಿಯುತ್ತದೆ. ಎದೆಗೆ ಗೊತ್ತಾಗುವುದು ಈ ಢಬ್. ಹೃದಯ ಬೇರೆಲ್ಲ ರೀತಿಯಲ್ಲಿ ಚೆನ್ನಾಗಿದ್ದರೆ ಅಲ್ಲೊಂದು ಇಲ್ಲೊಂದು ಎಕ್ಟೋಪಿಕ್ ಬಂದರೆ ಹೆಚ್ಚಾಗಿ ಚಿಂತೆಯಿಲ್ಲ.

ಎಎಫ್ ಅಂದರೆ ಎಟ್ರಿಯಲ್ ಫಿಬ್ರಿಲೇಶನ್ ಹಾಗಲ್ಲ. ಗುಡ್ಡಗಳೇ ಮಾಯ, ಗೆರೆ ನಡುಗುತ್ತಿರುತ್ತದೆ, ಶಿಖರಗಳ ಅಂತರ ಒಂದಕ್ಕೊಂದು ಹೊಂದುವುದಿಲ್ಲ. ನನ್ನ ಉಪಾಯ ಇಷ್ಟೇ: ಒಂದು ಚೀಟಿಯ ಅಂಚಿನ ಮೇಲೆ ಮೂರು ನಾಲ್ಕು ಶಿಖರಗಳಿಗೆ ಪೆನ್ಸಿಲ್ ಗುರುತು ಹಾಕಿ ಮುಂದಕ್ಕೆ ಸರಿಸುವುದು. ಗುರುತುಗಳು ಎಲ್ಲಿಯೂ ಕೂಡದಿದ್ದರೆ ಕಾಗದವನ್ನು ಡಾಕ್ಟರ ಮೇಜಿನ ಮೇಲೆ ಮೊದಲು ಇಡುತ್ತೇನೆ. ಎಎಫ್ ತಾಳವೆಂದರೆ ಚೆಂಡೆ ಮಗುವಿನ ಕೈಗೆ ಸಿಕ್ಕಿದ ಹಾಗೆ. ಎಎಫ್ ಇರುವವರಿಗೆ ಲಕ್ವ ಹೊಡೆಯುವ ಅಪಾಯ ಸುಮಾರು ಐದು ಪಟ್ಟು. ಎಷ್ಟೋ ಜನರಿಗೆ ಅದು ಬಂದದ್ದೇ ತಿಳಿಯುವುದಿಲ್ಲ ಅನ್ನುವುದು ಇನ್ನೂ ಕಷ್ಟ.

ಅದರ ದಾಯಾದಿ ಫ್ಲಟರ್. ಅಲ್ಲಿ ತಾಳ ಹೆಚ್ಚಾಗಿ ನೇರವಾಗಿಯೇ ಇರುತ್ತದೆ, ನಡುವೆ ಗರಗಸದ ಹಲ್ಲು. ಮೇಲಿನ ಕೋಣೆ ನಿಮಿಷಕ್ಕೆ 300ರ ಆಸುಪಾಸಿನಲ್ಲಿ ಓಡಿ, ಎರಡಕ್ಕೊಂದು ಮಾತ್ರ ಕೆಳಗಿಳಿಯುವುದರಿಂದ ಬಡಿತ 150ಕ್ಕೆ ಬಂದು ನಿಲ್ಲುತ್ತದೆ. ಕುಳಿತಲ್ಲೇ ಕದಲದ 150 ಕಂಡರೆ ಹಲ್ಲು ಹುಡುಕು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಎಸ್‌ವಿಟಿಯಲ್ಲಿ (ಕೆಳಗಿನ ಕೋಣೆಗಳಿಗಿಂತ ಮೇಲೆ ಹುಟ್ಟುವ ಓಟ) ಸಪೂರ ಶಿಖರಗಳು ಮಿಲಿಟರಿ ಸಾಲಿನಂತೆ 150ರಿಂದ 220ರವರೆಗೂ ಓಡುತ್ತವೆ. ಸ್ವಿಚ್ ಹಾಕಿದ ಹಾಗೆ ಶುರು, ಆರಿಸಿದ ಹಾಗೆ ನಿಲ್ಲುವುದು. ಶಿಖರ ಅಗಲವಾಗಿ ವೇಗವಾಗಿ ಓಡಿದರೆ ಅದು ವಿಟಿ, ಅಂದರೆ ಕೆಳಗಿನ ಕೋಣೆಗಳಲ್ಲೇ ಹುಟ್ಟುವ ಅಪಾಯದ ಓಟ ಎಂದೇ ತಿಳಿದು ಡಾಕ್ಟರನ್ನು ಕೂಗುತ್ತೇವೆ, ಚರ್ಚೆ ಆಮೇಲೆ.

ನಿಧಾನದ ತೊಂದರೆಯೂ ಉಂಟು. ಗುಡ್ಡಗಳು ತಮ್ಮ ಪಾಡಿಗೆ, ಶಿಖರಗಳು ತಮ್ಮ ಪಾಡಿಗೆ, ಗಂಡ ಹೆಂಡತಿ ಮಾತು ಬಿಟ್ಟ ಮನೆಯ ಹಾಗೆ. ಅದು ಪೂರ್ತಿ ಹಾರ್ಟ್ ಬ್ಲಾಕ್, ಪೇಸ್‌ಮೇಕರ್ ಬೇಕಾಗುವ ಜಾತಿ. ಈ 'ಬ್ಲಾಕ್' ಎಂಬ ಶಬ್ದಕ್ಕೆ ಹೆದರಿದವರಿಗೆ ಲೆಕ್ಕವಿಲ್ಲ. ಇಸಿಜಿಯ ಬ್ಲಾಕ್ ಅಂದರೆ ಕರೆಂಟು ಹೋಗುವ ದಾರಿಯಲ್ಲಿ ತಡೆ. ಆಂಜಿಯೋಗ್ರಫಿಯ ಬ್ಲಾಕೇಜ್ ಅಂದರೆ ರಕ್ತನಾಳದಲ್ಲಿ ಕೊಬ್ಬು. ವೈರಿಂಗ್ ಬೇರೆ, ನೀರಿನ ಪೈಪು ಬೇರೆ. ಆರ್‌ಬಿಬಿಬಿ (ಬಲಗಡೆಯ ಕರೆಂಟು ದಾರಿಯ ತಡೆ) ಎಂದು ಬರೆದದ್ದನ್ನು ನೋಡಿ "ಸ್ಟೆಂಟ್ ಎಷ್ಟಕ್ಕೆ ಹಾಕುತ್ತಾರೆ?" ಎಂದು ಕೇಳಿದ ಮಾವನೊಬ್ಬರು ನನಗಿದ್ದಾರೆ.

ಹತ್ತು ಸೆಕೆಂಡಿನ ಇಸಿಜಿ

ಎಲ್ಲರಿಗೂ ಮೊದಲು ಇದೇ. ಅಗ್ಗ, ಐದು ನಿಮಿಷದ ಕೆಲಸ, ಮತ್ತು ಬೇರೆ ಯಾವ ಪುಟ್ಟ ಯಂತ್ರಕ್ಕೂ ಇಲ್ಲದ ಹನ್ನೆರಡು ಕಣ್ಣು. ತೊಂದರೆ ಇಲ್ಲದ ಹೊತ್ತಿನಲ್ಲಿ ತೆಗೆದರೂ ಇದು ಕೆಲವು ಗುಟ್ಟು ಹೇಳುತ್ತದೆ. ಹುಟ್ಟಿನಿಂದ ಕರೆಂಟಿಗೆ ಒಂದು ಕಳ್ಳದಾರಿ ಇರುವ ಡಬ್ಲ್ಯುಪಿಡಬ್ಲ್ಯು, ಬಡಿದ ಮೇಲೆ ಹೃದಯ ಮತ್ತೆ ಸಿದ್ಧವಾಗಲು ತಡಮಾಡುವ ಉದ್ದವಾದ ಕ್ಯುಟಿ, ಹಳೆಯ ಹೃದಯಾಘಾತದ ಕಲೆ, ಇವನ್ನು ವಾಚಿನ ಒಂದು ಕಣ್ಣಿಗೆ ಬಿಡುವ ಹಾಗಿಲ್ಲ. ಎದೆ ಓಡುತ್ತಿರುವಾಗಲೇ ಹತ್ತಿರದ ನರ್ಸಿಂಗ್ ಹೋಮಿಗೆ ಹೋಗಿ ತೆಗೆಸಿದ ಹತ್ತು ಸೆಕೆಂಡಿಗಂತೂ ಚಿನ್ನದ ಬೆಲೆ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಎದೆ ಓಡುವವರು ಇದನ್ನೇ ಮಾಡಿ. ಮೆಟ್ಟಿಲು ಹತ್ತಿಸದೆ, ಜೊತೆಗೊಬ್ಬರು ಕರೆದುಕೊಂಡು ಹೋಗಲಿ.

ಆದರೆ ಇಸಿಜಿ ಕೆಡುವುದು ತಂತಿ ಹಚ್ಚುವಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಎಡ ಬಲ ಕೈಯ ಕ್ಲಿಪ್ ಅದಲುಬದಲು ಮಾಡಿದ್ದೆ. ಮೊದಲನೇ ಲೀಡು ಪೂರ್ತಿ ತಲೆಕೆಳಗು. ಯಂತ್ರ ತನ್ನ ಬುದ್ಧಿಯಿಂದ ಮೇಲೆ 'ಅಬ್‌ನಾರ್ಮಲ್' ಎಂದು ಅಚ್ಚು ಹಾಕಿತು, ಪೇಷಂಟು ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಮರುದಿನ ಸರಿಯಾಗಿ ತೆಗೆದಾಗ ಎಲ್ಲ ಸುಸೂತ್ರ. ಈಗಲೂ ಬಟನ್ ಒತ್ತುವ ಮುಂಚೆ ಕೆಂಪು ಬಲಗೈ, ಹಳದಿ ಎಡಗೈ ಎಂದು ಬಾಯಲ್ಲಿ ಹೇಳಿಕೊಳ್ಳುತ್ತೇನೆ. ಎದೆಗೆ ಕಚ್ಚಿಸುವ ರಬ್ಬರ್ ಬಲ್ಬುಗಳಲ್ಲಿ ಮೊದಲ ಎರಡು ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿ ಕೂರಬೇಕು. ಅವಸರದವರು ಅವನ್ನು ಕುತ್ತಿಗೆಯ ಕಡೆಗೆ ಏರಿಸಿಬಿಡುತ್ತಾರೆ. ಮೇ ತಿಂಗಳ ಬೆವರಿಗೆ ಬಲ್ಬು ಜಾರುತ್ತದೆ, ಎಸಿಗೆ ಮೈ ನಡುಗಿದರೆ ಗೆರೆಯೂ ನಡುಗುತ್ತದೆ. ಆ ನಡುಕವನ್ನು ಯಂತ್ರ ಎಎಫ್ ಎಂದು ಓದಿದ್ದನ್ನು ನೋಡಿದ್ದೇನೆ. ಮೇಲೆ ಅಚ್ಚಾದ ಸಾಲನ್ನು ತೀರ್ಪು ಎಂದುಕೊಳ್ಳಬೇಡಿ, ಮನುಷ್ಯರು ಓದಿ ಸಹಿ ಹಾಕಲಿ.

ಇನ್ನೊಂದು: ಇಸಿಜಿ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಅದು ಶಾಖಕ್ಕೆ ಕಪ್ಪಾಗುವ ಕಾಗದ, ಬಿಸಿ ರೋಲರಿನೊಳಗೆ ಹೋದರೆ ಕಪ್ಪು ಹಲಗೆಯಾಗಿ ಹೊರಗೆ ಬರುತ್ತದೆ. ಲೈಸೆನ್ಸಿನಿಂದ ಹಿಡಿದು ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸುವ ನಮ್ಮ ಹೋಟೆಲಿನವರು ಇಬ್ಬರು ಹೀಗೆ ಕಪ್ಪು ಹಲಗೆ ಹಿಡಿದುಕೊಂಡು ಬಂದದ್ದುಂಟು. ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ನೇರವಾಗಿ ಮೇಲಿನಿಂದ ಫೋಟೋ ತೆಗೆದಿಡಿ.

ಹೋಲ್ಟರ್

ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಬೆನ್ನಿಗೆ ಹೊತ್ತುಕೊಂಡು ತೋರಿಸಿದ ಮೊದಲ ಯಂತ್ರ ಸುಮಾರು 38 ಕಿಲೋ ಇತ್ತು. ಈಗಿನದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಸೊಂಟಕ್ಕೋ ಕುತ್ತಿಗೆಗೋ ತೂಗಿಬಿಡುತ್ತೇವೆ. 24 ಗಂಟೆ, ಕೆಲವೊಮ್ಮೆ 48. ಹೆಚ್ಚುಕಡಿಮೆ ಒಂದು ಲಕ್ಷ ಬಡಿತ ಒಂದೂ ಬಿಡದೆ ದಾಖಲಾಗುತ್ತದೆ.

ಯಾರಿಗೆ? ದಿನವೂ ಅಥವಾ ದಿನ ಬಿಟ್ಟು ದಿನ ತೊಂದರೆ ಇರುವವರಿಗೆ. ಎಕ್ಟೋಪಿಕ್ ಎಷ್ಟು ಎಂದು ಎಣಿಸಬೇಕಾದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಒಟ್ಟು ಬಡಿತದಲ್ಲಿ ನೂರಕ್ಕೆ ಹತ್ತು ಹದಿನೈದು ದಾಟಿದರೆ ಹೃದಯವೇ ಸೋಲಬಹುದೆಂದು ಡಾಕ್ಟರು ಗಂಭೀರವಾಗುತ್ತಾರೆ. ಎಎಫ್ ಇರುವವರ ವೇಗ ಗುಳಿಗೆಯಿಂದ ಹಿಡಿತಕ್ಕೆ ಬಂದಿದೆಯೇ ಎಂದು ನೋಡಲಿಕ್ಕೂ ಇದೇ. ತಿಂಗಳಿಗೊಮ್ಮೆ ಬರುವ ತೊಂದರೆಗೆ ಹೋಲ್ಟರ್ ಹಾಕಿಸುವುದು ಮಾತ್ರ ಲಾಟರಿ. ಹಾಗಿದ್ದರೂ ಬರೆದುಕೊಡುತ್ತಾರೆ, ನಾವೂ ಹಾಕುತ್ತೇವೆ, ನಾರ್ಮಲ್ ಬರುತ್ತದೆ, ದುಡ್ಡು ಹೋಗುತ್ತದೆ. ಇದರ ಬಗ್ಗೆ ನನಗೆ ಕಿರಿಕಿರಿ ಇದೆ, ಮುಚ್ಚಿಡುವುದಿಲ್ಲ.

ಹಾಕಿಸುವ ದಿನ ಸ್ನಾನ ಮುಗಿಸಿ ಬನ್ನಿ, ಪೌಡರ್ ಎಣ್ಣೆ ಬೇಡ, ಮುಂದೆ ಬಟನ್ ಇರುವ ಸಡಿಲ ಅಂಗಿ. ಗಂಡಸರ ಎದೆಗೂದಲನ್ನು ಅಷ್ಟಗಲ ಬೋಳಿಸುತ್ತೇವೆ. ಬಿಚ್ಚುವವರೆಗೆ ಸ್ನಾನ ಇಲ್ಲ. ಚೆಂಬೂರಿನ ಅರ್ಚಕರೊಬ್ಬರು ಈ ಕಾರಣಕ್ಕೇ ಎರಡು ಸಲ ದಿನ ಮುಂದೂಡಿ, ಕಡೆಗೆ ಪೂಜೆಗೆ ತಮ್ಮನನ್ನು ಕೂರಿಸಿ ಬಂದರು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲ ಜೊತೆಗಿರಲಿ. ಲೋಕಲಿನ ನೂಕುನುಗ್ಗಲಿನಲ್ಲಿ ಒಂದು ತಂತಿ ಕಿತ್ತುಬಂದರೆ ಕೊಟ್ಟ ದುಡ್ಡು ನೀರಿನಲ್ಲಿ ಹೋಮ, ಹಾಗಾಗಿ ಸಾಧ್ಯವಾದರೆ ಬೆಳಗಿನ ಗದ್ದಲ ಇಳಿದ ಮೇಲೆ ಪ್ರಯಾಣ ಮಾಡಿ. ಹಾಗೆಂದು ಮನೆಯಲ್ಲಿ ಮಲಗಿ ಕಳೆಯಬೇಡಿ. ಯಾವ ಕೆಲಸ ಮಾಡುವಾಗ ಎದೆ ಹಾರುತ್ತದೋ ಆ ಕೆಲಸ ಮಾಡಿ.

ಎಲ್ಲಕ್ಕಿಂತ ಮುಖ್ಯ, ಎಷ್ಟು ಹೊತ್ತಿಗೆ ಏನು ಮಾಡಿದಿರಿ, ಏನನ್ನಿಸಿತು ಎಂದು ನೀವು ಬರೆದಿಡುವ ಡೈರಿ. ಒಂದು ಹೆಂಗಸಿನ ರೆಕಾರ್ಡು ಕಂಪ್ಯೂಟರಿಗೆ ಹಾಕಿದಾಗ ಬೆಳಿಗ್ಗೆ 7:10ಕ್ಕೆ ಅಗಲ ಅಗಲ ಅಲೆಗಳ ಓಟ, ನೋಡಿದವರ ಎದೆ ಝಲ್ ಅನ್ನಬೇಕು. ಸಾಫ್ಟ್‌ವೇರ್ ವಿಟಿ ಎಂದು ಕೆಂಪು ಹಚ್ಚಿತ್ತು. ಡೈರಿ ತೆರೆದೆ. ದುಂಡು ಅಕ್ಷರದಲ್ಲಿ 'ಬೆ. 7:10 – ಹಲ್ಲುಜ್ಜಿದೆ'. ಗೆರೆಯನ್ನು ದೊಡ್ಡದು ಮಾಡಿ ನೋಡಿದರೆ ಆ ಅಲೆಗಳ ನಡುವೆಯೇ ಸಪೂರ ಶಿಖರಗಳು ತಮ್ಮ ಲೆಕ್ಕದಲ್ಲಿ ಒಂದೂ ತಪ್ಪದೆ ನಡೆದುಹೋಗುತ್ತಿದ್ದವು. ಬ್ರಷ್ ಹಿಡಿದ ಕೈಯ ಅಲುಗಾಟ, ಅಷ್ಟೆ. ಡೈರಿ ಇಲ್ಲದಿದ್ದರೆ ಆ ಅಕ್ಕ ಐಸಿಯು ನೋಡಿ ಬರುತ್ತಿದ್ದರೋ ಏನೋ. 'ಸುಸ್ತು' ಎಂದು ಬರೆಯಬೇಡಿ. '11:40, ದಾದರ್ ಸೇತುವೆ ಹತ್ತಿದೆ, ಎದೆ ಢವಢವ, 3 ನಿಮಿಷ' ಎಂದು ಬರೆಯಿರಿ.

ರಿಪೋರ್ಟಿನಲ್ಲಿ ರಾತ್ರಿ 2 ಗಂಟೆಗೆ ಬಡಿತ 46 ಎಂದಿದ್ದರೆ ಗಾಬರಿ ಬೇಡ, ನಿದ್ದೆಯಲ್ಲಿ ಹೃದಯವೂ ನಿಧಾನಿಸುತ್ತದೆ.

ಅಂಟುಪಟ್ಟಿ ಮತ್ತು ಗುಂಡಿ ಒತ್ತುವ ಯಂತ್ರ

ವಾರಕ್ಕೊಮ್ಮೆ ಹತ್ತು ದಿನಕ್ಕೊಮ್ಮೆ ಬರುವ ತೊಂದರೆಗೆ ಎದೆಗೆ ಅಂಟಿಸುವ ಪ್ಯಾಚ್. ತಂತಿಯಿಲ್ಲ, ಏಳರಿಂದ ಹದಿನಾಲ್ಕು ದಿನ ಇರುತ್ತದೆ. ಇದರ ವೈರಿ ಮುಂಬೈಯ ಸೆಕೆ: ತುರಿಕೆ, ಕಿತ್ತುಬರುವುದು. ಆಯ್ಕೆ ಇದ್ದರೆ ಡಿಸೆಂಬರ್ ಜನವರಿಯಲ್ಲಿ ಹಾಕಿಸಿ.

ತೊಂದರೆ ಬಂದಾಗ ಗುಂಡಿ ಒತ್ತಿ ದಾಖಲಿಸುವ ಯಂತ್ರವನ್ನು ತಿಂಗಳ ಮಟ್ಟಿಗೆ ಕೊಡುವುದೂ ಉಂಟು. ಕಾರಣ ತಿಳಿಯದೆ ಲಕ್ವ ಹೊಡೆದವರ ವಿಷಯದಲ್ಲಿ ಇಂಥ ದೀರ್ಘ ಕಾವಲು ಎಷ್ಟು ಬೇಕು ಅನ್ನುವುದಕ್ಕೆ 2014ರ ಕೆನಡಾದ ಎಂಬ್ರೇಸ್ ಅಧ್ಯಯನ ನೋಡಿ: 24 ಗಂಟೆಯ ಹೋಲ್ಟರಿನಲ್ಲಿ ನೂರಕ್ಕೆ 3.2 ಜನರಲ್ಲಿ ಎಎಫ್ ಸಿಕ್ಕಿದರೆ, 30 ದಿನದ ಯಂತ್ರದಲ್ಲಿ 16.1 ಜನರಲ್ಲಿ ಸಿಕ್ಕಿತು. ಮನೆಯಲ್ಲಿ ಹಿರಿಯರಿಗೆ ಲಕ್ವ ಹೊಡೆದು, ಕಾರಣ ತಿಳಿಯದೆ, ಒಂದು ದಿನದ ಹೋಲ್ಟರ್ ನಾರ್ಮಲ್ ಎಂದು ಫೈಲು ಮುಚ್ಚಿದ್ದರೆ, ಇನ್ನೂ ಉದ್ದದ ಪರೀಕ್ಷೆ ಬೇಕೇ ಎಂದು ನರರೋಗದ ಡಾಕ್ಟರನ್ನು ಕೇಳಿ.

ವಾಚು

ಪುಣೆಯಲ್ಲೋ ಬೆಂಗಳೂರಲ್ಲೋ ಐಟಿಯಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ವಾಚು ತಂದುಕೊಡುವುದು ಈಗ ರೂಢಿ. ಎರಡು ಜಾತಿ ಇದೆ, ಕೊಳ್ಳುವ ಮುಂಚೆ ಗಮನಿಸಿ. ಹಿಂಬದಿಯ ಹಸಿರು ಬೆಳಕಿನಿಂದ ನಾಡಿ ಎಣಿಸುವುದು ಎಲ್ಲ ಅಗ್ಗದ ಬ್ಯಾಂಡುಗಳಲ್ಲೂ ಇದೆ. ಅದು ಇಸಿಜಿ ಅಲ್ಲ, ಕೈ ಅಲುಗಿದರೆ ಸುಳ್ಳು ಹೇಳುತ್ತದೆ. ಇನ್ನೊಂದು, ಬದಿಯ ಗುಂಡಿಗೆ ಇನ್ನೊಂದು ಕೈಯ ಬೆರಳಿಟ್ಟು 30 ಸೆಕೆಂಡ್ ಕೂತರೆ ನಿಜವಾದ ಗೆರೆ ಬರೆಯುವುದು. ಆಪಲ್ 2018ರಲ್ಲಿ ತನ್ನ ನಾಲ್ಕನೇ ಸರಣಿಯ ವಾಚಿನಲ್ಲಿ ಇದನ್ನು ತಂದಿತು. ಎರಡು ಬೆರಳಿಟ್ಟು ಮೊಬೈಲಿಗೆ ಗೆರೆ ಕಳಿಸುವ ಕಾರ್ಡಿಯಾದಂಥ ಪುಟ್ಟ ಪಟ್ಟಿಗಳೂ ಇವೆ. ವಾಚು ಇಷ್ಟಪಡದ ಹಿರಿಯರಿಗೆ ನನ್ನ ಓಟು ಅದಕ್ಕೇ.

ಇವು ಮೊದಲನೇ ಲೀಡು ಒಂದನ್ನೇ ನೋಡುತ್ತವೆ. ಎಎಫ್ ಹಿಡಿಯುವುದಕ್ಕೆ ಅದು ಸಾಕು; 30 ಸೆಕೆಂಡಿನ ಒಂದೇ ಲೀಡಿನ ಗೆರೆಯನ್ನು ಡಾಕ್ಟರು ಓದಿ ಖಚಿತಪಡಿಸಿದರೆ ಎಎಫ್ ಎಂದು ಒಪ್ಪುತ್ತಾರೆ. ಹೃದಯಾಘಾತವನ್ನು ಇವು ಹಿಡಿಯಲಾರವು, ಕಂಪನಿಯೇ ಹಾಗೆಂದು ಬರೆದಿದೆ. ಎದೆನೋವಿನಲ್ಲಿ ವಾಚು ನೋಡಿ ಸಮಾಧಾನಪಟ್ಟು ಮಲಗುವುದು ಆತ್ಮಹತ್ಯೆಗೆ ಸಮ.

ಅನುಮಾನವಿಲ್ಲದವರೆಲ್ಲ ಕಟ್ಟಿಕೊಂಡರೆ? 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಜನ ಇದ್ದರು. ಅವರಲ್ಲಿ ತಾಳ ತಪ್ಪಿದೆ ಎಂಬ ಸೂಚನೆ ಬಂದದ್ದು ನೂರಕ್ಕೆ 0.52 ಜನರಿಗೆ. ಸೂಚನೆ ಬಂದು, ಆಮೇಲೆ ಪ್ಯಾಚ್ ಹಾಕಿಸಿ ಕಳಿಸಿದವರಲ್ಲಿ ನೂರಕ್ಕೆ 34 ಜನರಿಗೆ ಎಎಫ್ ಕಂಡಿತು. ಬಂದುಹೋಗುವ ಎಎಫ್ ಆ ವಾರ ಬಾರದೆ ಇದ್ದಿರಲೂಬಹುದು. ನನಗನ್ನಿಸುವುದು ಇಷ್ಟು: ಅರವತ್ತೈದು ದಾಟಿದ, ಬಿಪಿ ಸಕ್ಕರೆ ಇರುವವರಿಗೆ ವಾಚು ಪ್ರಯೋಜನಕ್ಕೆ ಬಂದೀತು. ಇಪ್ಪತ್ತೈದರ ಹುಡುಗರು ದಿನಕ್ಕೆ ಹತ್ತು ಸಲ ಬೆರಳಿಟ್ಟು ನೋಡಿದರೆ ರೋಗ ಸಿಗುವುದಕ್ಕಿಂತ ಮೊದಲು ನಿದ್ದೆ ಹೋಗುತ್ತದೆ. ಎಳೆಯರಲ್ಲಿ ಉಸಿರು ಎಳೆದಾಗ ಬಡಿತ ಚುರುಕಾಗಿ, ಬಿಟ್ಟಾಗ ನಿಧಾನವಾಗುವುದು ಆರೋಗ್ಯದ ಲಕ್ಷಣವೇ.

ಚರ್ಮದಡಿಯ ಕಾವಲುಗಾರ

ವರ್ಷಕ್ಕೆ ಒಂದೆರಡು ಸಲ, ಹೇಳದೆ ಕೇಳದೆ ಎಚ್ಚರ ತಪ್ಪಿ ಬೀಳುವವರು ಗುಂಡಿ ಒತ್ತುವುದೆಲ್ಲಿ, ಬೆರಳಿಡುವುದೆಲ್ಲಿ? ಅವರಿಗೆ ಲೂಪ್ ರೆಕಾರ್ಡರ್. ಪೆನ್ನಿನ ಮುಚ್ಚಳಕ್ಕಿಂತ ಚಿಕ್ಕದು, ಎದೆಯ ಎಡಗಡೆ ಚರ್ಮದ ಕೆಳಗೆ ಜಾಗ ಮರಗಟ್ಟಿಸಿ ತೂರಿಸುತ್ತಾರೆ, ಮೂರು ವರ್ಷಕ್ಕೂ ಮಿಕ್ಕಿ ಕಾಯುತ್ತದೆ. ಕಾರಣ ತಿಳಿಯದ ಲಕ್ವದವರಲ್ಲಿ ಕ್ರಿಸ್ಟಲ್ ಎಎಫ್ ಎಂಬ ಅಧ್ಯಯನ ಮಾಡಿದಾಗ ಮೂರು ವರ್ಷಕ್ಕೆ ನೂರಕ್ಕೆ 30 ಜನರಲ್ಲಿ ಎಎಫ್ ಸಿಕ್ಕಿತ್ತು, ಮಾಮೂಲಿ ತಪಾಸಣೆಯವರಲ್ಲಿ 3. ಈ ಪಟ್ಟಿಯಲ್ಲಿ ಅತಿ ದುಬಾರಿ ಇದೇ. ಹಾಕಿಸುವ ಮುಂಚೆ ವಿಮೆಯವರಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಭಟ್ಟರ ಕಥೆ ಬಾಕಿ ಉಂಟು. ತಿಂಗಳಿಗೆ ಒಂದೆರಡು ಸಲ, ಹತ್ತು ಹದಿನೈದು ನಿಮಿಷ, ಪೂರ್ತಿ ಎಚ್ಚರ. ಮೂರು ಇಸಿಜಿ, ಒಂದು ಹೋಲ್ಟರ್, ಎಲ್ಲ ನಾರ್ಮಲ್. ಹೋಲ್ಟರ್ ಬೇಡ, ಬಂದಾಗ ಹಿಡಿಯುವುದು ಬೇಕು ಎಂದು ನಾನು ಡಾಕ್ಟರ ಮುಂದೆಯೇ ಗೊಣಗಿದೆ. ಮಗ ಪುಣೆಯಿಂದ ತನ್ನ ವಾಚನ್ನೇ ತಂದು ಕಟ್ಟಿದ. ಐದನೇ ವಾರ, ಬೆಳಗಿನ ಜಾವ 4:35, ಇಡ್ಲಿ ಹಿಟ್ಟಿನ ಪಾತ್ರೆ ಬಗ್ಗಿ ಎತ್ತುವಾಗ ಶುರುವಾಯಿತಂತೆ. ಕೈ ಒರೆಸಿಕೊಂಡು, ಮೊಗಚಿದ ಡಬ್ಬದ ಮೇಲೆ ಕೂತು ಬೆರಳಿಟ್ಟರು. ವಾಚು ಬರೆದ ತೀರ್ಪು: 'ನಿರ್ಣಯಿಸಲಾಗದು'. ಭಟ್ಟರು ಇದೂ ದಂಡ ಎಂದುಕೊಂಡು ಎರಡು ದಿನ ಸುಮ್ಮನಿದ್ದರು. ಮಗ ಆ ಗೆರೆಯ ಪಿಡಿಎಫ್ ಕಳಿಸಿದಾಗ ಮುದ್ರಿಸಿ ಚೌಕ ಎಣಿಸಿದೆ: ಸಪೂರ ಶಿಖರ, ಒಂದಿಷ್ಟೂ ಕದಲದ ಅಂತರ, ಒಂದೂವರೆ ದೊಡ್ಡ ಚೌಕಕ್ಕೊಂದು, ನಿಮಿಷಕ್ಕೆ 200. ಡಾಕ್ಟರು ಎಸ್‌ವಿಟಿ ಎಂದು ಬರೆದರು. ಆಮೇಲೆ ತೊಡೆಯ ರಕ್ತನಾಳದಿಂದ ತಂತಿ ಬಿಟ್ಟು, ಕರೆಂಟು ಸುತ್ತು ಹೊಡೆಯುತ್ತಿದ್ದ ಕಳ್ಳದಾರಿಯನ್ನು ಸುಟ್ಟು ಮುಚ್ಚುವ ಅಬ್ಲೇಶನ್ ಆಯಿತು. ಮೂರನೇ ದಿನ ಹೋಟೆಲಿಗೆ ಹಾಜರು.

ವಾಚನ್ನು ಈಗ ಮಗನಿಗೇ ವಾಪಸು ಕೊಟ್ಟಿದ್ದಾರೆ. ಪಟ್ಟಿಯ ಸಂದಿಗೆ ಹಿಟ್ಟು ಹೊಕ್ಕು ಹುಳಿ ವಾಸನೆ ಬರುತ್ತದಂತೆ.